ಕೆಡದ ಕಾರು, ಮೆಚ್ಚಿದ ಕಾರು

ಯಾವ ಕಂಪನಿಯ ಕಾರು ನಂಬಿಕೆಗೆ ಅರ್ಹ ಎಂಬುದನ್ನು ಮಾಲೀಕರನ್ನೇ ಕೇಳಿ ಲೆಕ್ಕ ಹಾಕುವ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. 1936ರಲ್ಲಿ ಹುಟ್ಟಿದ ಕನ್ಸೂಮರ್ಸ್ ಯೂನಿಯನ್ ತನ್ನ ಪತ್ರಿಕೆಗೆ ಜಾಹೀರಾತು ಬೇಡವೆಂದು ಪಟ್ಟು ಹಿಡಿಯಿತು. ಕಾರು ಕಂಪನಿಗಳ ಹಂಗಿಲ್ಲದ ಆ ಪತ್ರಿಕೆ, ಮುಂದೆ ‘ಕನ್ಸೂಮರ್ ರಿಪೋರ್ಟ್ಸ್’ ಎಂದು ಹೆಸರಾಯಿತು. ಇಂಜಿನ್, ಗೇರ್‌ಬಾಕ್ಸ್, ಬ್ರೇಕ್‌ಗಳಲ್ಲಿ ಏನೇನು ಕೆಟ್ಟಿತು ಎಂದು ಚಂದಾದಾರರಿಗೆ ಪ್ರಶ್ನಾವಳಿ ಕಳಿಸಿತು. ಬಂದ ಉತ್ತರಗಳು ಪುಟ್ಟ ವೃತ್ತಗಳಾಗಿ ಅಚ್ಚಾದವು: ತುಂಬು ಕೆಂಪು ಇದ್ದರೆ ಸರಾಸರಿಗಿಂತ ಬಹಳ ಒಳ್ಳೆಯದು, ತುಂಬು ಕಪ್ಪು ಇದ್ದರೆ ಬಹಳ ಕೆಟ್ಟದ್ದು. 1973ರ ತೈಲ ಬಿಕ್ಕಟ್ಟಿನಲ್ಲಿ ಸಣ್ಣ ಜಪಾನಿ ಕಾರುಗಳತ್ತ ತಿರುಗಿದ ಗ್ರಾಹಕರಿಗೆ ಇಂಥ ಸಮೀಕ್ಷೆ ಧೈರ್ಯ ಕೊಟ್ಟಿತು.

ಇದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಜೆ.ಡಿ. ಪವರ್ ಎಂಬುವರು ಇನ್ನೊಂದು ದಾರಿ ಹಿಡಿದಿದ್ದರು. 1968ರಲ್ಲಿ ಅವರ ಸಂಸ್ಥೆ ಶುರುವಾದದ್ದು ಮನೆಯ ಅಡುಗೆಮನೆ ಮೇಜಿನ ಮೇಲೆ. ಮಜ್ದಾ ರೋಟರಿ ಇಂಜಿನ್ ಕಾರುಗಳ ಮಾಲೀಕರಿಂದ ಬಂದ ಉತ್ತರಗಳನ್ನು ಅವರ ಪತ್ನಿ ಜೂಲಿ ಒಂದೊಂದಾಗಿ ಎಣಿಸುವಾಗ, ಹೆಚ್ಚು ಓಡಿದ ಗಾಡಿಗಳಲ್ಲಿ ಇಂಜಿನ್ನಿನ ಓ-ರಿಂಗ್ ಕೈಕೊಡುತ್ತಿರುವುದು ಕಣ್ಣಿಗೆ ಬಿತ್ತು. ಸುದ್ದಿ ಪತ್ರಿಕೆಗಳಿಗೂ ಹೋಯಿತು, ಸಂಸ್ಥೆಗೆ ಹೆಸರೂ ಬಂತು. ಮುಂದೆ ಮೂರು ವರ್ಷ ಹಳೆಯ ಕಾರುಗಳ ಬಾಳಿಕೆಯನ್ನು ಅಳೆಯುವ ಅದರ ಸಮೀಕ್ಷೆ ಉದ್ಯಮದ ಅಳತೆಗೋಲೇ ಆಯಿತು. ನೂರು ಗಾಡಿಗೆ ಎಷ್ಟು ತೊಂದರೆ ಎಂಬುದು ಅದರ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ಕಾರು ಒಳ್ಳೆಯದು.

ಆದರೆ ಈ ಲೆಕ್ಕದಲ್ಲಿ ಗೇರ್‌ಬಾಕ್ಸ್ ಕೆಟ್ಟರೂ ಒಂದೇ ತೊಂದರೆ, ಫೋನಿನ ಬ್ಲೂಟೂತ್ ಕೂಡದಿದ್ದರೂ ಒಂದೇ ತೊಂದರೆ. ಈಚಿನ ವರ್ಷಗಳಲ್ಲಿ ಹೆಚ್ಚು ದೂರು ಬರುತ್ತಿರುವುದು ಟಚ್‌ಸ್ಕ್ರೀನ್, ಫೋನ್ ಜೋಡಣೆಯಂಥವುಗಳ ಬಗ್ಗೆಯೇ. ಕನ್ಸೂಮರ್ ರಿಪೋರ್ಟ್ಸ್ ಇಂಜಿನ್, ಗೇರ್‌ಬಾಕ್ಸ್‌ಗಳ ತೊಂದರೆಗೆ ಹೆಚ್ಚು ತೂಕ ಕೊಡುತ್ತದೆ. ಉಳಿತಾಯದ ದುಡ್ಡು ಹಾಕಿ ಹತ್ತು ವರ್ಷ ಕಾರು ಇಟ್ಟುಕೊಳ್ಳುವವರು ನೋಡಬೇಕಾದದ್ದು ಇಂಥ ಲೆಕ್ಕವನ್ನೇ.

ಮೆಚ್ಚುಗೆಯ ಮಾತೇ ಬೇರೆ. 2015ರಲ್ಲಿ ಟೆಸ್ಲಾ ಮಾಡೆಲ್ ಎಸ್ ಕಾರಿನಲ್ಲಿ ತೊಂದರೆ ಜಾಸ್ತಿ ಎಂದು ಕನ್ಸೂಮರ್ ರಿಪೋರ್ಟ್ಸ್ ತನ್ನ ಶಿಫಾರಸನ್ನು ಹಿಂತೆಗೆದುಕೊಂಡಿತು. ಅದರದೇ ಸಮೀಕ್ಷೆಯಲ್ಲಿ 97% ಮಾಲೀಕರು ಮತ್ತೆ ಅದೇ ಕಾರು ಕೊಳ್ಳುತ್ತೇವೆ ಎಂದಿದ್ದರು. ರಿಪೇರಿಗೆ ಹೋಗಿ ಬಂದರೂ ಕಾರಿನ ಮೇಲಿನ ಪ್ರೀತಿ ಕರಗಿರಲಿಲ್ಲ.

ಬ್ರ್ಯಾಂಡ್ ಹೆಸರಿಗೆ ಎಷ್ಟು ಬೆಲೆ ಎಂಬುದಕ್ಕೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆ. ಜನರಲ್ ಮೋಟರ್ಸ್ ಮತ್ತು ಟೊಯೊಟಾ ಸೇರಿ 1984ರಿಂದ ಅದನ್ನು ನಡೆಸಿದವು. ಅಲ್ಲಿ ಟೊಯೊಟಾ ಕೊರೋಲಾ ಮತ್ತು ಜನರಲ್ ಮೋಟರ್ಸ್‌ನ ಜಿಯೋ ಪ್ರಿಜ್ಮ್ ಒಂದೇ ಸೂರಿನಡಿ, ಅದೇ ಕಾರ್ಮಿಕರ ಕೈಯಲ್ಲಿ, ಹೆಚ್ಚುಕಡಿಮೆ ಒಂದೇ ಕಾರಾಗಿ ತಯಾರಾದವು. ಆದರೂ ಕೊರೋಲಾ ಹೆಚ್ಚು ಮಾರಾಟವಾಯಿತು, ಸೆಕೆಂಡ್ ಹ್ಯಾಂಡ್‌ನಲ್ಲೂ ಹೆಚ್ಚು ಬೆಲೆ ಪಡೆಯಿತು. ನಮ್ಮ ಬಿಡದಿಯಲ್ಲಿ ಇಂದು ನಡೆಯುತ್ತಿರುವುದೂ ಇದಕ್ಕೆ ಹತ್ತಿರದ್ದೇ. ಟೊಯೊಟಾ ಕಾರ್ಖಾನೆಯಿಂದ ಹೈರೈಡರ್ ಜೊತೆಗೆ ಮಾರುತಿಯ ಗ್ರ್ಯಾಂಡ್ ವಿಟಾರಾ ಕೂಡ ಹೊರಬಿದ್ದಿದೆ. 2019ರಲ್ಲಿ ಮಾರುತಿ ಬಲೆನೊ ಕಾರೇ ಟೊಯೊಟಾ ಗ್ಲಾಂಜಾ ಆಗಿ ಬಂದಾಗ ವಾರಂಟಿ 2 ವರ್ಷದಿಂದ 3 ವರ್ಷಕ್ಕೆ ಏರಿತ್ತು. ಅಂಥ ಕಡೆ ಗ್ರಾಹಕ ಹೋಲಿಸಬೇಕಾದದ್ದು ಕಾರನ್ನಲ್ಲ, ವಾರಂಟಿಯನ್ನು, ಸರ್ವಿಸ್ ಸೆಂಟರನ್ನು.

ಭಾರತದಲ್ಲಿ ಭರವಸೆಯ ಅರ್ಥವೇ ಕಾಲಕಾಲಕ್ಕೆ ಬದಲಾಗಿದೆ. ಅಂಬಾಸಡರ್ ಕಾಲದಲ್ಲಿ ನಂಬಿಕೆಯ ಗಾಡಿ ಎಂದರೆ ಎಲ್ಲಿ ನಿಂತರೂ ಅಲ್ಲಿಯ ಮೆಕ್ಯಾನಿಕ್ ಸರಿ ಮಾಡಬಲ್ಲ ಗಾಡಿ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ, ನಿಲ್ಲದೆ ಓಡುವುದೇ ಸಹಜ ಎನಿಸಿತು. ಬಿಡದಿಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಬಂದವು. ಲಕ್ಷಗಟ್ಟಲೆ ಕಿಲೋಮೀಟರ್ ಲೆಕ್ಕ ಹಾಕುವ ಟ್ಯಾಕ್ಸಿಯವರು ಅವನ್ನು ಅಪ್ಪಿಕೊಂಡರು.

ಇಂದಿಗೂ ನಮ್ಮಲ್ಲಿ ಬಾಳಿಕೆಯ ಪರೀಕ್ಷೆ ನಡೆಯುವುದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ. ಕೊಳ್ಳುವವರ ಜೊತೆ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿ, ಇಂಜಿನ್ ಚಾಲೂ ಇಟ್ಟು, ಆಯಿಲ್ ಮುಚ್ಚಳ ಬಿಚ್ಚಿ ಹೊಗೆ ನೋಡುತ್ತಾನೆ. ಮೀಟರ್ ತಿರುಗಿಸಿದ್ದಾರೆಯೇ ಎಂದು ತಿಳಿಯಲು ಕ್ಲಚ್ ಪೆಡಲಿನ ಸವೆತ ನೋಡುತ್ತಾನೆ. ಆ ಅರಿವಿಗೆ ನಾನು ತಲೆಬಾಗುತ್ತೇನೆ, ಆದರೆ ಅದು ಅವನ ತಲೆಯಲ್ಲೇ ಉಳಿದುಬಿಡುತ್ತದೆ.

ಸರ್ಕಾರ 2021ರ ಏಪ್ರಿಲ್‌ನಿಂದ ದೋಷವಿರುವ ವಾಹನಗಳನ್ನು ಕಡ್ಡಾಯವಾಗಿ ವಾಪಸ್ ಕರೆಸುವ ನಿಯಮ ತಂದಿದೆ, ದಂಡ ಒಂದು ಕೋಟಿ ರೂಪಾಯಿವರೆಗೂ ಇದೆ. ಅದು ಸುರಕ್ಷತೆಯ ದೋಷಕ್ಕೆ. ಪದೇಪದೇ ಕೆಡುವ ಎ.ಸಿ., ಬೇಗ ಸವೆಯುವ ಕ್ಲಚ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಕೆಡುವ ಗಾಡಿಗಳ ಲೆಕ್ಕ ಜನರಿಗೆ ಸಿಗುವ ಜರ್ಮನಿಯಲ್ಲಿ ವಾಹನ ಸವಾರರ ಸಂಘ ಎಡಿಎಸಿ, ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಗಳ ಅಂಕಿಅಂಶವನ್ನು 1978ರಿಂದ ಪ್ರಕಟಿಸುತ್ತಿದೆ. ಅಲ್ಲಿನ ಟಿಯುವಿ ಸಂಸ್ಥೆಗಳು ತಪಾಸಣೆಯಲ್ಲಿ ಯಾವ ಮಾಡೆಲ್ ಎಷ್ಟು ಫೇಲಾಯಿತು ಎಂದು ಬಹಿರಂಗವಾಗಿ ಹೇಳುತ್ತವೆ. ನಮ್ಮಲ್ಲೂ ಹಳದಿ ಬೋರ್ಡ್ ಗಾಡಿಗಳು ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ತಪಾಸಣೆಗೆ, ಮತ್ತೆಮತ್ತೆ ಹೋಗಲೇಬೇಕು. ಆ ತಪಾಸಣೆಯ ಫಲಿತಾಂಶವನ್ನು ಮಾಡೆಲ್‌ವಾರು ಪ್ರಕಟಿಸುವಂತೆ ಸಾರಿಗೆ ಇಲಾಖೆಯನ್ನು ಗ್ರಾಹಕರು ಕೇಳಬೇಕು.