ಕಿತ್ತೂರು ರಾಣಿ ಚನ್ನಮ್ಮ ವಸ್ತುಸಂಗ್ರಹಾಲಯ

ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, ಹಾಳುಬಿದ್ದ ಕೋಟೆಯ ಆವರಣದೊಳಗಿರುವ ಸರಕಾರಿ ವಸ್ತುಸಂಗ್ರಹಾಲಯ. ರಾಣಿ ಚನ್ನಮ್ಮನ ಹಾಗೂ ಕಿತ್ತೂರು ದೇಸಾಯಿ ಮನೆತನದ ಕಾಲದ ವಸ್ತುಗಳನ್ನು ಇಲ್ಲಿ ಪ್ರದರ್ಶನಕ್ಕಿಡಲಾಗಿದೆ. ರಾಜ್ಯ ಪುರಾತತ್ವ ಇಲಾಖೆ ಇದನ್ನು ನೋಡಿಕೊಳ್ಳುತ್ತದೆ.

ಕತ್ತಿಗಳು, ಕಬ್ಬಿಣದ ಕೊಂಡಿ ಹೆಣೆದ ಯುದ್ಧದಂಗಿಗಳು, ಕೆತ್ತನೆಯ ಮರದ ಬಾಗಿಲು ಕಿಟಕಿಗಳು ಸಂಸ್ಥಾನದ ಕಾಲದವು. ಇವುಗಳ ಜತೆಗೆ ಹಸ್ತಪ್ರತಿಗಳು, ಕಾಗದದ ಮೇಲಿನ ಚಿತ್ರಗಳು, ಸುತ್ತಲಿನ ಊರುಗಳಿಂದ ತಂದ ಶಿಲ್ಪಗಳು, ಶಾಸನಗಳು, ಮಾಸ್ತಿಕಲ್ಲುಗಳೂ ಇವೆ.

ರಾಣಿಯ ಒಡವೆ, ಉಡುಗೆ ಕಾಣುವ ಆಸೆಯಿಂದ ಬಂದವರಿಗೆ ಇಷ್ಟೇ ಏನು ಅನ್ನಿಸಬಹುದು. ಇದರ ಕಾರಣ 1824ರಲ್ಲಿದೆ. ಆ ವರ್ಷ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತು ಪಡೆದದ್ದನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕಿತ್ತೂರಿಗೆ ಬಂದು ಭಂಡಾರಕ್ಕೆ ಮುದ್ರೆ ಒತ್ತಿ ಕಾವಲು ಹಾಕಿದ. ಅಕ್ಟೋಬರ್ 23ರಂದು ಚನ್ನಮ್ಮನ ಪಡೆಯೊಂದಿಗೆ ನಡೆದ ಕಾಳಗದಲ್ಲಿ ಅವನು ಸತ್ತ. ಅವನ ಮೇಲೆ ಗುಂಡು ಹಾರಿಸಿದವನು ಆ ಪಡೆಯ ಅಮಟೂರ ಬಾಳಪ್ಪನೆಂದು ಹೇಳುತ್ತಾರೆ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯದೊಂದಿಗೆ ಮರಳಿತು, ಕೋಟೆ ಬಿತ್ತು, ಭಂಡಾರ ಲೂಟಿಯಾಯಿತು. ಸೆರೆಸಿಕ್ಕ ಚನ್ನಮ್ಮ ಬೈಲಹೊಂಗಲದಲ್ಲಿ ಬಂಧನದಲ್ಲಿದ್ದು 1829ರಲ್ಲಿ ತೀರಿಕೊಂಡಳು. ಉಳಿದಿರುವ ಒಂದೊಂದು ಕತ್ತಿಯೂ ಒಂದೊಂದು ಕದವೂ ಈ ಲೂಟಿಯನ್ನು ದಾಟಿ ಬಂದದ್ದೆಂದು ತಿಳಿದು ನೋಡಿದರೆ ಸಂಗ್ರಹದ ಬೆಲೆ ಗೊತ್ತಾಗುತ್ತದೆ.

ಹೆಚ್ಚು ಹೊತ್ತು ನಿಂತು ನೋಡಬೇಕಾದವು ಬಾಗಿಲುಗಳು. ಆಯುಧಗಳು ಯುದ್ಧದ ದಿನಗಳನ್ನಷ್ಟೇ ಹೇಳುತ್ತವೆ, ದೇಸಗತಿಯ ಮನೆಬದುಕು ಈ ಕೆತ್ತನೆಯಲ್ಲಿದೆ. ಹೊರಗೆ ಬಂದರೆ ಅರಮನೆಯ ಮುರಿದ ಗೋಡೆಗಳು, ಧ್ರುವನಕ್ಷತ್ರ ನೋಡಲೆಂದು ಗೋಡೆಯಲ್ಲಿ ಕೂರಿಸಿದ ಕೊಳವೆ ಕಾಣುತ್ತವೆ. ಒಳಗಿನದನ್ನೂ ಹೊರಗಿನದನ್ನೂ ಕೂಡಿಸಿಯೇ ನೋಡಬೇಕು.

ಈ ಕೋಟೆಗೆ ಇನ್ನೊಂದು ನೆನಪೂ ಇದೆ. 1824ರ ಅಕ್ಟೋಬರಿನ ಕಾಳಗದಲ್ಲಿ ಸೆರೆಸಿಕ್ಕ ಇಬ್ಬರು ಕಂಪನಿ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ, ಇನ್ನೊಬ್ಬ ಸ್ಟೀವನ್‌ಸನ್. ಕಿತ್ತೂರಿನವರು ಇವರನ್ನು ಜೀವಸಹಿತ ಬಿಟ್ಟುಕೊಟ್ಟರು. ಎಲಿಯಟ್ ಮುಂದೆ ಕನ್ನಡನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ. ಅವನು ಅಮರಾವತಿಯಲ್ಲಿ ಅಗೆಸಿದ ಶಿಲ್ಪಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ನಾಡಿನ ಇತಿಹಾಸಕ್ಕೆ ಇಷ್ಟು ಕೆಲಸ ಮಾಡಿದವನ ಪ್ರಾಣ ಒಮ್ಮೆ ಈ ಕೋಟೆಯವರ ಕೈಯಲ್ಲಿತ್ತು ಎಂಬುದು ನೆನಪಿಡಬೇಕಾದ ಸಂಗತಿ.

ಹುಕ್ಕೇರಿ ಸೀಮೆಯವರು ಸಂಕೇಶ್ವರದಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಹಿಡಿದರೆ ಬೆಳಗಾವಿ ದಾಟಿ ನೇರ ಕಿತ್ತೂರು ತಲುಪಬಹುದು. ಗೋಕಾಕ, ಮೂಡಲಗಿಯವರು ಯರಗಟ್ಟಿಯ ಮೇಲೆ ಬೈಲಹೊಂಗಲಕ್ಕೆ ಬಂದು ಮುಂದೆ ಹೋಗುವುದು ಒಳ್ಳೆಯದು. ಚನ್ನಮ್ಮನ ಸಮಾಧಿ ಬೈಲಹೊಂಗಲದಲ್ಲೇ ಇರುವುದರಿಂದ ದಾರಿಯಲ್ಲಿ ಅದನ್ನೂ ನೋಡಬಹುದು.