ಒಂದೇ ದೂರ, ಹಲವು ಕಾಲ

ಭೂಗೋಳದ ತರಗತಿಯಲ್ಲಿ ನಾನು ಮಕ್ಕಳ ಕೈಗೆ ದಾರದ ತುಂಡೊಂದನ್ನು ಕೊಟ್ಟು, ಗೋಳದ ಮೇಲೆ ಲಂಡನ್ನಿನಿಂದ ನ್ಯೂಯಾರ್ಕಿಗೆ ಬಿಗಿಯಾಗಿ ಹಿಡಿಯಲು ಹೇಳುತ್ತಿದ್ದೆ. ಗೋಡೆಯ ನಕ್ಷೆಯಲ್ಲಿ ಎಳೆದ ನೇರ ಗೆರೆಗಿಂತ ಆ ದಾರ ಉತ್ತರಕ್ಕೆ ಸರಿದು, ಐರ್ಲೆಂಡನ್ನು ದಾಟಿ, ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೇಲೆ ಹಾದುಹೋಗುತ್ತಿತ್ತು. ಅದೇ ಅತಿ ಸಮೀಪದ ಮಾರ್ಗ. ಇಂದಿನ ಹೀಥ್ರೂ ಮತ್ತು ಕೆನಡಿ ವಿಮಾನ ನಿಲ್ದಾಣಗಳ ನಡುವೆ ಅದರ ಉದ್ದ ಸುಮಾರು 5,540 ಕಿಲೋಮೀಟರು. ಈ ಅಂಕಿ ಬದಲಾಗಲಿಲ್ಲ, ಬದಲಾದುದು ಕಾಲ.

1919ರ ಜೂನ್ 14ರಂದು ಆಲ್ಕಾಕ್ ಮತ್ತು ಬ್ರೌನ್ ಎಂಬ ಇಬ್ಬರು ಸಾಹಸಿಗಳು ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು, ಮಂಜು ಮೋಡಗಳ ನಡುವೆ ಇರುಳೆಲ್ಲ ಹಾರಿ, ಮರುದಿನ ಐರ್ಲೆಂಡಿನ ಕ್ಲಿಫ್ಡನ್ ಬಳಿಯ ಜೌಗು ನೆಲಕ್ಕಿಳಿದರು. ಎಲ್ಲಿಯೂ ನಿಲ್ಲದೆ ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೊದಲ ವಿಮಾನ ಅದು. ಸುಮಾರು 3,040 ಕಿಲೋಮೀಟರಿಗೆ ಹದಿನಾರು ಗಂಟೆಗಳಷ್ಟು ಹಿಡಿದಿತ್ತು.

1958ರ ಅಕ್ಟೋಬರ್ 4ರಂದು ಕಾಮೆಟ್ ಜೆಟ್ ವಿಮಾನಗಳು ಲಂಡನ್ ಮತ್ತು ನ್ಯೂಯಾರ್ಕ್‌ಗಳಿಂದ ಎದುರುಬದುರಾಗಿ ಹೊರಟವು. ಪೂರ್ವಕ್ಕೆ ಬಂದ ವಿಮಾನ ಆರೂಕಾಲು ಗಂಟೆಯಲ್ಲಿ ಲಂಡನ್ ತಲುಪಿದರೆ, ಪಶ್ಚಿಮಕ್ಕೆ ಹೋದದ್ದು ನಡುವೆ ಇಂಧನಕ್ಕಾಗಿ ಇಳಿದು ಹತ್ತು ಗಂಟೆಗೂ ಹೆಚ್ಚು ತೆಗೆದುಕೊಂಡಿತು. ದೂರ ಒಂದೇ ಆದರೂ ಹೋಗುವ ಹೊತ್ತು ಬೇರೆ, ಬರುವ ಹೊತ್ತು ಬೇರೆ! ಆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಗಾಳಿಯ ಪ್ರವಾಹ ಒಬ್ಬರಿಗೆ ಬೆನ್ನಿನ ಆಸರೆ, ಇನ್ನೊಬ್ಬರಿಗೆ ಎದೆಗೆ ಒಡ್ಡು.

ಬಳಿಕ ಶಬ್ದದ ವೇಗಕ್ಕೆ ಎರಡು ಪಟ್ಟು ಹಾರುವ ಕಾಂಕಾರ್ಡ್ ಬಂದಿತು. 1977ರಲ್ಲಿ ಆರಂಭವಾದ ಅದರ ಲಂಡನ್-ನ್ಯೂಯಾರ್ಕ್ ಸಂಚಾರಕ್ಕೆ ಸುಮಾರು ಮೂರೂವರೆ ಗಂಟೆ ಸಾಕಾಗಿತ್ತು. ಎರಡು ನಗರಗಳ ಗಡಿಯಾರಗಳಿಗೆ ಐದು ಗಂಟೆಗಳ ಅಂತರವಿರುವುದರಿಂದ, ಹೊರಟ ಹೊತ್ತಿಗಿಂತ ಮೊದಲೇ ಪ್ರಯಾಣಿಕರು ನ್ಯೂಯಾರ್ಕ್ ಸೇರುತ್ತಿದ್ದರು! 1996ರ ಫೆಬ್ರವರಿ 7ರಂದು ಪೂರ್ವಾಭಿಮುಖವಾಗಿ ಅದು 2 ಗಂಟೆ 52 ನಿಮಿಷ 59 ಸೆಕೆಂಡುಗಳಲ್ಲಿ ಬಂದು ದಾಖಲೆ ಬರೆಯಿತು.

ಆದರೆ ಅದಕ್ಕೆ ಬೇಕಾದ ಇಂಧನ ಅಪಾರ, ಆಸನಗಳು ನೂರರಷ್ಟೇ, ದರವಂತೂ ಸಿರಿವಂತರಿಗೇ ಮೀಸಲು. 2000ದ ಜುಲೈಯಲ್ಲಿ ಪ್ಯಾರಿಸ್ ಬಳಿ ನಡೆದ ಅಪಘಾತ 113 ಜೀವಗಳನ್ನು ಬಲಿ ತೆಗೆದುಕೊಂಡಿತು. 2003ರ ಅಕ್ಟೋಬರ್ 24ರಂದು ಕಾಂಕಾರ್ಡ್ ಕೊನೆಯ ಬಾರಿ ಪ್ರಯಾಣಿಕರನ್ನು ಹೊತ್ತಿತು. ಇಂದು ಅದೇ ದಾರಿಗೆ ಪೂರ್ವಕ್ಕೆ ಆರೂವರೆ-ಏಳು ಗಂಟೆ, ಪಶ್ಚಿಮಕ್ಕೆ ಏಳೂವರೆ-ಎಂಟು ಗಂಟೆ ಬೇಕು. ಅಂದರೆ ನಾವು ಹೆಚ್ಚುಕಡಿಮೆ ಕಾಮೆಟ್ಟಿನ ಕಾಲಕ್ಕೇ ಮರಳಿದ್ದೇವೆ. ಆದರೆ ಅಂದು ಕೆಲವರಿಗಷ್ಟೇ ಎಟುಕುತ್ತಿದ್ದ ಕಡಲಾಚೆಯ ದಾರಿ ಇಂದು ಸಾಮಾನ್ಯರಿಗೂ ತೆರೆದಿದೆ.

ಕಪ್ಪುಹಲಗೆಯ ಮೇಲೆ ಕಾಲರೇಖೆಯನ್ನೆಳೆದು, ಅದರ ತುದಿಗೆ ಮೇಲ್ಮುಖವಾದ ಬಾಣವೊಂದನ್ನು ಹಾಕುವುದು ನನ್ನ ಅಭ್ಯಾಸವಾಗಿತ್ತು. ನಾಳೆ ಎಂಬುದು ಇಂದಿಗಿಂತ ವೇಗವಾಗಿಯೇ ಇರುತ್ತದೆಂದು ಮಕ್ಕಳಿಗೆ ಹೇಳಿದ್ದೆ. ಆ ಮಾತನ್ನು ಇಂದು ತಿದ್ದಿಕೊಳ್ಳಬೇಕಾಗಿದೆ. ಮನುಷ್ಯ ಒಮ್ಮೆ ಸಾಧಿಸಿದ್ದನ್ನು ಕೈಬಿಡುವುದೂ ಉಂಟು; ಹಾಗೆ ಕೈಬಿಟ್ಟದ್ದೆಲ್ಲ ಸೋಲೂ ಅಲ್ಲ. ಆ ಬಾಣವನ್ನು ನೋಡಿ ಬರೆದುಕೊಂಡಿದ್ದ ಶಿಷ್ಯರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಅದನ್ನು ಅಳಿಸಿಕೊಳ್ಳಿರಿ.