ಎರಡು ಕೋನಗಳ ಲೆಕ್ಕ ಮತ್ತು ಒಂದು ಸಾರ್ವಜನಿಕ ಹುದ್ದೆ

“ಮೇಷ್ಟ್ರೇ, ಮಗಳು ಸಂಶೋಧನೆಗೆ ಸೇರಿದ್ದಾಳೆ. ಅದು ಓದೋ, ಕೆಲಸವೋ ತಿಳಿಯುತ್ತಿಲ್ಲ” ಎಂದು ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದರು. ಗಣಕಯಂತ್ರದ ನೆರವಿನಿಂದ ಪ್ರೋಟೀನುಗಳ ಆಕಾರವನ್ನು ಅರಿಯುವುದು ಆಕೆಯ ವಿಷಯ. ಸರ್ಕಾರದ ಫೆಲೋಶಿಪ್ ದೊರೆತಿದೆ. ನೇರವಾಗಿ ಉತ್ತರಿಸುವ ಅಭ್ಯಾಸ ನನಗಿಲ್ಲವೆಂಬುದನ್ನು ನೀವೆಲ್ಲ ಬಲ್ಲಿರಿ. ಆದ್ದರಿಂದ ಮದರಾಸಿನಿಂದ ಆರಂಭಿಸುತ್ತೇನೆ.

1952ರಲ್ಲಿ ಮದರಾಸು ವಿಶ್ವವಿದ್ಯಾಲಯವು ಭೌತಶಾಸ್ತ್ರ ವಿಭಾಗಕ್ಕೆ ಮುಖ್ಯಸ್ಥರನ್ನು ಅರಸುತ್ತಿತ್ತು. ಉಪಕುಲಪತಿ ಲಕ್ಷ್ಮಣಸ್ವಾಮಿ ಮೊದಲಿಯಾರರು ಸಿ.ವಿ. ರಾಮನ್ನರನ್ನು ಕೇಳಿದಾಗ, ರಾಮನ್ನರು ತಾವು ಬರಲೊಪ್ಪದೆ ತಮ್ಮ ಶಿಷ್ಯ ಜಿ.ಎನ್. ರಾಮಚಂದ್ರನ್ನರ ಹೆಸರನ್ನು ಸೂಚಿಸಿದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಬಂದು, ರಾಮನ್ನರ ಸೆಳೆತಕ್ಕೆ ಸಿಕ್ಕಿ ಭೌತಶಾಸ್ತ್ರಕ್ಕೆ ಹೊರಳಿದವರು ಇವರು. ಮದರಾಸಿಗೆ ಹೋದಾಗ ವಯಸ್ಸು ಮೂವತ್ತರ ಆಸುಪಾಸು. ಆ ಪ್ರಾಯದವರಿಗೆ ಇಡೀ ವಿಭಾಗವನ್ನು ಒಪ್ಪಿಸುವ ಧೈರ್ಯ ಇಂದು ಯಾವ ಆಯ್ಕೆ ಸಮಿತಿಗಿದೆಯೋ ನಾನರಿಯೆ.

ನಮ್ಮ ಚರ್ಮ, ಎಲುಬು, ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ರಚನೆಯನ್ನು ಅವರು ಗೋಪಿನಾಥ ಕರ್ತಾ ಅವರೊಡನೆ ಕೈಗೆತ್ತಿಕೊಂಡರು. ಮೂರೆಳೆಯ ಜಡೆಯಂತೆ ಹೆಣೆದುಕೊಂಡ ಮಾದರಿಯನ್ನು 1954 ಮತ್ತು 1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೆ ಕ್ರಿಕ್ ಮತ್ತು ರಿಚ್ ಆಕ್ಷೇಪವೆತ್ತಿದರು: ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಪರಸ್ಪರ ತೀರ ಹತ್ತಿರ ಬಂದಿವೆ, ಅದು ಸಾಧ್ಯವಿಲ್ಲ!

ಇಲ್ಲಿಯೇ ಕಥೆಯ ಸ್ವಾರಸ್ಯ. ರಾಮಚಂದ್ರನ್ನರು ವಾದಕ್ಕೆ ನಿಲ್ಲದೆ ಪ್ರಶ್ನೆಯನ್ನೇ ತಿರುವಿದರು. ಪರಮಾಣುಗಳು ಎಷ್ಟು ಹತ್ತಿರ ಬರಬಲ್ಲವು? ಅದುವರೆಗೆ ತಿಳಿದಿದ್ದ ಸ್ಫಟಿಕ ರಚನೆಗಳನ್ನೆಲ್ಲ ಜಾಲಾಡಿ ಕನಿಷ್ಠ ಅಂತರಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಪ್ರೋಟೀನಿನ ಸರಪಳಿಯಲ್ಲಿ ಪ್ರತಿ ಕೊಂಡಿಯ ಬಳಿಯೂ ಮುಖ್ಯವಾಗಿ ತಿರುಗಬಲ್ಲ ಬಂಧಗಳು ಎರಡು. ಅವುಗಳ ಕೋನಗಳಿಗೆ ಫೈ ಮತ್ತು ಸೈ ಎಂದು ಹೆಸರು. ಕೋನಗಳನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತ, ಪ್ರತಿ ಸಲವೂ ಯಾವ ಪರಮಾಣು ಯಾವುದಕ್ಕೆ ಡಿಕ್ಕಿ ಹೊಡೆಯುತ್ತದೆಂದು ಪರೀಕ್ಷಿಸಬೇಕು. ಹತ್ತು ಡಿಗ್ರಿಗೊಮ್ಮೆ ಎಂದಿಟ್ಟುಕೊಂಡರೂ 36ನ್ನು 36ರಿಂದ ಗುಣಿಸಿ, 1,296 ಸ್ಥಿತಿಗಳು. ಒಂದೊಂದರಲ್ಲೂ ಹಲವಾರು ಅಂತರಗಳು. ವಿದ್ಯಾರ್ಥಿ ಸಿ. ರಾಮಕೃಷ್ಣನ್ ಮೇಜಿನ ಮೇಲಿನ ಲೆಕ್ಕದ ಯಂತ್ರವನ್ನಿಟ್ಟುಕೊಂಡು ಈ ಗಣಿತವನ್ನು ಮಾಡಿದರು. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಮೂವರ ಲೇಖನ 1963ರಲ್ಲಿ ಹೊರಬಂತು. ನಕ್ಷೆಯ ಸುಮಾರು ಮುಕ್ಕಾಲು ಭಾಗ ನಿಷಿದ್ಧ, ಉಳಿದ ಕೆಲವು ದ್ವೀಪಗಳಲ್ಲಷ್ಟೇ ಪ್ರೋಟೀನಿಗೆ ವಾಸ. (ಗ್ಲೈಸಿನ್ ಎಂಬ ಚಿಕ್ಕ ಅಮೈನೋ ಆಮ್ಲಕ್ಕೆ ಮಾತ್ರ ಹೆಚ್ಚು ಸ್ವಾತಂತ್ರ್ಯ, ಮನೆಯ ಕಿರಿಯ ಮಗುವಿನಂತೆ.)

ಇದರಿಂದ ಯಾವ ಔಷಧ ಬರುತ್ತದೆ, ಎಷ್ಟು ಲಾಭವೆಂದು ಅಂದು ಯಾರಾದರೂ ಕೇಳಿದ್ದರೆ ಉತ್ತರವಿರುತ್ತಿರಲಿಲ್ಲ. ವಿಶ್ವವಿದ್ಯಾಲಯದ ಸಂಬಳವೂ ವಿದ್ಯಾರ್ಥಿಗಳ ವೇತನವೂ ಇದ್ದುದರಿಂದ ಕೆಲಸ ನಡೆಯಿತು. ಯುಜಿಸಿ ಮುಂದೆ ಆ ವಿಭಾಗವನ್ನು ಉನ್ನತ ಅಧ್ಯಯನ ಕೇಂದ್ರವೆಂದು ಮಾನ್ಯ ಮಾಡಿತು. ಮೊದಲಿಯಾರರ ಅವಧಿ ಮುಗಿದ ಬಳಿಕ ರಾಮಚಂದ್ರನ್ ಮದರಾಸನ್ನು ಬಿಟ್ಟರು. ಸತೀಶ್ ಧವನರ ಆಹ್ವಾನದಂತೆ ಬೆಂಗಳೂರಿಗೆ ಮರಳಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಣು ಜೈವಿಕ ಭೌತಶಾಸ್ತ್ರ ಘಟಕವನ್ನು ಕಟ್ಟಿದರು. ಶಶಿಶೇಖರನ್ನರೂ ರಾಮಕೃಷ್ಣನ್ನರೂ ಅಲ್ಲಿಗೇ ಬಂದರು. ಒಬ್ಬ ಉಪಕುಲಪತಿಯ ನಿರ್ಗಮನದಿಂದ ಒಂದು ಊರು ಕಳೆದುಕೊಂಡುದನ್ನು ಇನ್ನೊಂದು ಊರು ಪಡೆಯಿತು. ಕನ್ನಡಿಗನಾಗಿ ಸಂತೋಷಪಡುತ್ತೇನಾದರೂ, ಮೇಷ್ಟರಾಗಿ ಆ ವಿಭಾಗದ ಬಗ್ಗೆ ಮರುಗುತ್ತೇನೆ.

2024ರ ರಸಾಯನಶಾಸ್ತ್ರದ ನೊಬೆಲ್, ಗಣನೆಯಿಂದ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿದ ಬೇಕರ್ ಅವರಿಗೂ, ಅವುಗಳ ಆಕಾರವನ್ನು ಊಹಿಸಿದ ಹಸಬಿಸ್ ಮತ್ತು ಜಂಪರ್ ಅವರಿಗೂ ಸಂದಿತು. ಕೊನೆಯ ಇಬ್ಬರು ಖಾಸಗಿ ಕಂಪನಿಯವರು, ನಿಜ. ಆದರೆ ಅವರ ಯಂತ್ರ ಕಲಿತದ್ದು 1971ರಿಂದ ಬೆಳೆದುಬಂದ ಪ್ರೋಟೀನ್ ದತ್ತಾಂಶ ಭಂಡಾರದಿಂದ. ಅದರ ಬಹುಪಾಲನ್ನು ತುಂಬಿದವರು ಸಾರ್ವಜನಿಕ ಹಣದಲ್ಲಿ ದುಡಿದ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು.

ಹುಡುಗಿಯ ವಿಷಯಕ್ಕೆ ಬರೋಣ. ಕಿರಿಯ ಫೆಲೋಶಿಪ್ 2019ರಲ್ಲಿ ತಿಂಗಳಿಗೆ 31,000 ರೂಪಾಯಿಗೆ ಏರಿತು, ಅದೂ ಸಂಶೋಧಕರು ಬೀದಿಗಿಳಿದ ಮೇಲೆ. 2023ರ ಜನವರಿಯಿಂದ 37,000. ಐದು ವರ್ಷಕ್ಕೆ ಮುಗಿಯುವ ಈ ಹಣ ತಿಂಗಳು ತಿಂಗಳು ತಪ್ಪದೆ ಬರುತ್ತದೆಂಬ ಭರವಸೆಯನ್ನೂ ನಾನು ಕೊಡಲಾರೆ. ಆದರೂ ತಂದೆಗೆ ಹೇಳಿದೆ: “ಅದು ಕೆಲಸವೇ ಕಣಯ್ಯ. ನೆಂಟರು ಕೇಳಿದರೆ ಹಾಗೆಯೇ ಹೇಳು.”

ಮೊದಲ ವಾರ ಏನು ಮಾಡಿದಳೆಂದು ಕೇಳಿದ್ದಕ್ಕೆ, ಪ್ರೋಟೀನೊಂದರ ಮಾದರಿ ಸರಿಯಿದೆಯೇ ಎಂದು ರಾಮಚಂದ್ರನ್ ನಕ್ಷೆಯಲ್ಲಿ ಪರಿಶೀಲಿಸಿದಳಂತೆ. ಗಣಕಯಂತ್ರಕ್ಕೆ ಒಂದು ಕ್ಷಣವೂ ಹಿಡಿಯಲಿಲ್ಲವಂತೆ.